ತೂಕದ ಯಂತ್ರಕ್ಕೆ ಕಾಣದ್ದು: ಮಕ್ಕಳ ಮಾಂಸಖಂಡವನ್ನು ಸ್ಕ್ಯಾನ್‌ನಲ್ಲಿ ಅಳೆಯುವುದು ಹೇಗೆ?

ಎಂಟು ವರ್ಷದ ಒಬ್ಬ ಹುಡುಗಿಗೆ ಲಿವರ್ ಕಾಯಿಲೆ ಇದೆ ಎಂದುಕೊಳ್ಳಿ. ಮೂರು ತಿಂಗಳ ಹಿಂದೆ 22 ಕೆಜಿ ಇದ್ದಳು. ಇವತ್ತೂ 22 ಕೆಜಿ. "ಸದ್ಯ, ತೂಕ ಇಳಿದಿಲ್ಲ" ಎಂದು ಅಪ್ಪ ಅಮ್ಮ ಸಮಾಧಾನಪಡುತ್ತಾರೆ. ಆದರೆ ಮೆಟ್ಟಿಲು ಹತ್ತುವಾಗ ಅವಳು ಈಗ ಕಂಬಿ ಹಿಡಿಯುತ್ತಾಳೆ. ನೆಲದಿಂದ ಏಳುವಾಗ ಕೈಯೂರುತ್ತಾಳೆ. ಫ್ರಾಕ್ ಹೊಟ್ಟೆಯ ಹತ್ತಿರ ಬಿಗಿ, ತೋಳಿನ ಹತ್ತಿರ ಸಡಿಲ.

ಆಗಿರುವುದು ಇಷ್ಟು. ಹೊಟ್ಟೆಯೊಳಗೆ ನೀರು ತುಂಬುತ್ತಾ ಬಂದಿದೆ. ಅದೇ ಹೊತ್ತಿಗೆ ಕೈಕಾಲಿನ ಮಾಂಸಖಂಡ ಕರಗುತ್ತಾ ಹೋಗಿದೆ. ಬಂದದ್ದಕ್ಕೂ ಹೋದದ್ದಕ್ಕೂ ಸರಿಹೋಗಿ, ತೂಕದ ಮುಳ್ಳು ನಿಂತಲ್ಲೇ ನಿಂತಿದೆ.

ಇಂಥ ಮಕ್ಕಳ ಸ್ಕ್ಯಾನ್ ರಿಪೋರ್ಟಿನಲ್ಲಿ ಒಮ್ಮೊಮ್ಮೆ ಒಂದು ಹೊಸ ಸಾಲು ಕಾಣಿಸುತ್ತದೆ. "ಸೋವಾಸ್ ಸ್ನಾಯುವಿನ ವಿಸ್ತೀರ್ಣ ವಯಸ್ಸಿಗೆ ಕಡಿಮೆ", "ಝಡ್ ಸ್ಕೋರ್ ಮೈನಸ್ 2.3", ಕೆಲವೊಮ್ಮೆ "ಸಾರ್ಕೊಪೇನಿಯಾ" ಎಂಬ ಪದ. ಸ್ಕ್ಯಾನ್ ಮಾಡಿಸಿದ್ದು ಲಿವರ್‌ಗೆ, ಈ ಸ್ನಾಯು ಎಲ್ಲಿಂದ ಬಂತು ಎಂದು ಮನೆಯವರಿಗೆ ಗಾಬರಿಯಾಗುವುದು ಸಹಜ. ಆ ಸಾಲು ಹೇಗೆ ಹುಟ್ಟುತ್ತದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಬುಡದಿಂದಲೇ ನೋಡೋಣ.

ತೂಕ ಹೇಳುವುದು ಎಷ್ಟು?

ತೂಕದ ಯಂತ್ರಕ್ಕೆ ಮೂಳೆ, ಕೊಬ್ಬು, ಮಾಂಸಖಂಡ, ನೀರು ಎಲ್ಲವೂ ಒಂದೇ. ಕಟ್ಟಿದ ಮೂಟೆಯನ್ನು ತೂಗಿದ ಹಾಗೆ, ಒಟ್ಟು ಎಷ್ಟು ಎಂದು ಹೇಳುತ್ತದೆ, ಒಳಗೇನಿದೆ ಎಂದು ಹೇಳುವುದಿಲ್ಲ. ಬಿಎಂಐ ಕೂಡ ಅಷ್ಟೇ. ಅದು ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ. ಮೂಟೆಯ ಗಂಟು ಅಲ್ಲೂ ಬಿಚ್ಚಿಲ್ಲ.

ತೋಳಿನ ಸುತ್ತಳತೆ ತೆಗೆಯುವ ಟೇಪು ಇದಕ್ಕಿಂತ ಒಂದು ಹೆಜ್ಜೆ ಮುಂದೆ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು. ಸರಳವಾದ, ಜೀವ ಉಳಿಸುವ ಟೇಪು ಅದು. ಹೊಟ್ಟೆಯಲ್ಲಿ ನೀರು ತುಂಬಿದ್ದರೂ ತೋಳಿನ ಅಳತೆ ಅಷ್ಟಾಗಿ ಮೋಸ ಮಾಡುವುದಿಲ್ಲ. ಆದರೆ ಟೇಪಿನ ಒಳಗೆ ಚರ್ಮ, ಕೊಬ್ಬು, ಮಾಂಸಖಂಡ, ಮೂಳೆ ಎಲ್ಲವೂ ಸೇರಿರುತ್ತವೆ. ಯಾವುದು ಎಷ್ಟು ಎಂದು ಗೊತ್ತಾಗುವುದಿಲ್ಲ.

ರಕ್ತದ ಕ್ಯಾನ್ಸರಿಗೆ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವ ಮಗುವನ್ನು ನೋಡಿದರೆ ಈ ತೊಂದರೆ ಚೆನ್ನಾಗಿ ಅರ್ಥವಾಗುತ್ತದೆ. ಮುಖ ದುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ, ತೂಕವೂ ಏರುತ್ತದೆ. ನೋಡಿದವರು "ಮಗು ಮೈ ಕೈ ತುಂಬಿಕೊಂಡಿದೆ" ಎನ್ನುತ್ತಾರೆ. ಅದೇ ಔಷಧ ತೊಡೆ ಮತ್ತು ಭುಜದ ಮಾಂಸಖಂಡವನ್ನು ಒಳಗಿಂದ ಸವೆಸುತ್ತಿರುತ್ತದೆ. ಹೆಚ್ಚಿರುವುದು ಕೊಬ್ಬು ಮತ್ತು ನೀರು.

ಮಾಂಸಖಂಡ ಕಡಿಮೆಯಾದರೆ ಏನು ತೊಂದರೆ? ಓಡಾಡಲು ಶಕ್ತಿ ಸಾಲದು ಎನ್ನುವುದು ಮೇಲ್ನೋಟಕ್ಕೆ ಕಾಣುವ ಉತ್ತರ. ಆದರೆ ದೇಹಕ್ಕೆ ಅದು ಪ್ರೋಟೀನಿನ ಉಗ್ರಾಣವೂ ಹೌದು. ಸೋಂಕು ಬಂದಾಗ, ಆಪರೇಷನ್ ಆದಾಗ ದೇಹ ಮೊದಲು ಕೈ ಹಾಕುವುದು ಅಲ್ಲಿಗೇ. ಉಸಿರು ಎಳೆಯುವುದು, ಕೆಮ್ಮಿ ಕಫ ಹೊರಹಾಕುವುದು ಕೂಡ ಮಾಂಸಖಂಡದ ಕೆಲಸವೇ. ಲಿವರ್ ಕೆಟ್ಟಾಗ ರಕ್ತದಲ್ಲಿ ಸೇರಿಕೊಳ್ಳುವ ಅಮೋನಿಯಾವನ್ನು ಒಂದಿಷ್ಟು ತೆಗೆದುಹಾಕುವುದೂ ಇದೇ. ಹಾಗಾಗಿ ನಮ್ಮ ಹುಡುಗಿಯ ತೋಳು ಸಣ್ಣಗಾದದ್ದು ಬರೀ ನೋಟದ ವಿಷಯವಲ್ಲ.

ಮಗು ಎಂದರೆ ಚಿಕ್ಕ ಗಾತ್ರದ ದೊಡ್ಡವರಲ್ಲ

ಸಾರ್ಕೊಪೇನಿಯಾ ಎಂಬ ಪದವನ್ನು 1989ರಲ್ಲಿ ಸೂಚಿಸಿದವರು ಅಮೆರಿಕದ ಪೋಷಣಾ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್. ಗ್ರೀಕ್ ಭಾಷೆಯಲ್ಲಿ 'ಸಾರ್ಕ್ಸ್' ಎಂದರೆ ಮಾಂಸ, 'ಪೇನಿಯಾ' ಎಂದರೆ ಕೊರತೆ. ಆಗ ಅವರ ಮನಸ್ಸಿನಲ್ಲಿದ್ದದ್ದು ವಯಸ್ಸಾದವರು. ವಯಸ್ಸಾದಂತೆ ಇದ್ದದ್ದು ಕಳೆಯುತ್ತಾ ಹೋಗುತ್ತದೆ, ಹಾಗಾಗಿ ಅಲ್ಲಿ ಪ್ರಶ್ನೆ "ಎಷ್ಟು ಕಳೆದುಹೋಯಿತು?"

ಮಗುವಿನಲ್ಲಿ ಪ್ರಶ್ನೆ ಬೇರೆ: "ಬರಬೇಕಾದದ್ದು ಬಂತೇ?" ಮಾಂಸಖಂಡದ ಎಳೆಗಳ ಸಂಖ್ಯೆ ಬಹುಪಾಲು ಹುಟ್ಟುವ ಹೊತ್ತಿಗೇ ನಿಗದಿಯಾಗಿರುತ್ತದೆ. ಆಮೇಲೆ ಆ ಎಳೆಗಳು ದಪ್ಪವಾಗುತ್ತವೆ, ಮೂಳೆ ಬೆಳೆದಂತೆ ಉದ್ದವಾಗುತ್ತವೆ. ಹುಟ್ಟಿದ ಮಗುವಿನ ತೂಕದಲ್ಲಿ ಮಾಂಸಖಂಡದ ಪಾಲು ಸುಮಾರು ನಾಲ್ಕನೇ ಒಂದು ಭಾಗ. ಪ್ರಾಯದ ಗಂಡಸಿನಲ್ಲಿ ಅದು ಶೇಕಡಾ 40ರ ಹತ್ತಿರ. ಈ ಏರಿಕೆ ಒಂದೇ ವೇಗದಲ್ಲಿ ಆಗುವುದಿಲ್ಲ. ಹರೆಯಕ್ಕೆ ಬಂದಾಗ, ಅದರಲ್ಲೂ ಹುಡುಗರಲ್ಲಿ, ಜಿಗಿದಂತೆ ಹೆಚ್ಚುತ್ತದೆ.

ಆದ್ದರಿಂದ ಆರು ತಿಂಗಳಲ್ಲಿ ಮಗುವಿನ ಮಾಂಸಖಂಡ ಒಂಚೂರೂ ಕಡಿಮೆಯಾಗದೆ ಇದ್ದಷ್ಟೇ ಇದ್ದರೆ ಅದು ನೆಮ್ಮದಿಯ ಸುದ್ದಿಯಲ್ಲ. ಅಷ್ಟರಲ್ಲಿ ಬೆಳೆಯಬೇಕಾದದ್ದು ಬೆಳೆದಿಲ್ಲ ಎಂದರ್ಥ. ಎಷ್ಟಿದ್ದರೆ ಸಾರ್ಕೊಪೇನಿಯಾ ಎನ್ನಬೇಕು ಎಂಬುದಕ್ಕೆ ಮಕ್ಕಳ ವಿಷಯದಲ್ಲಿ ಎಲ್ಲರೂ ಒಪ್ಪಿದ ಗೆರೆ ಇನ್ನೂ ಇಲ್ಲ. ರಿಪೋರ್ಟಿನಲ್ಲಿ ಆ ಪದ ಕಂಡರೆ ಇದು ನೆನಪಿರಲಿ.

ಒಂದು ಹೋಳಿನಿಂದ ಇಡೀ ಮೈಯ ಲೆಕ್ಕ

ಸಿಟಿ ಸ್ಕ್ಯಾನ್ ಎಂದರೆ ಸುತ್ತಲಿಂದ ಎಕ್ಸ್‌ರೇ ಹಾಯಿಸಿ, ಕಂಪ್ಯೂಟರಿನಲ್ಲಿ ದೇಹದ ಅಡ್ಡ ಹೋಳುಗಳ ಚಿತ್ರ ಕಟ್ಟುವುದು. ಮರದ ದಿಮ್ಮಿಯನ್ನು ಅಡ್ಡ ಕೊಯ್ದರೆ ಒಳಗಿನ ತಿರುಳು, ಉಂಗುರ ಎಲ್ಲ ಕಾಣುತ್ತದಲ್ಲ, ಹಾಗೆ. ಇಲ್ಲಿ ಕೊಯ್ಯದೆಯೇ ಕಾಣುತ್ತದೆ. ಈ ವಿಧಾನದಲ್ಲಿ ಮೊದಲ ರೋಗಿಯ ಸ್ಕ್ಯಾನ್ ನಡೆದದ್ದು 1971ರಲ್ಲಿ, ಲಂಡನ್ನಿನಲ್ಲಿ. ಯಂತ್ರ ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಚಿತ್ರದ ಪ್ರತಿ ಚುಕ್ಕಿಗೂ ಒಂದು ಸಂಖ್ಯೆ ಇರುತ್ತದೆ, ಅದನ್ನು ಹೌನ್ಸ್‌ಫೀಲ್ಡ್ ಯೂನಿಟ್ ಎನ್ನುತ್ತಾರೆ. ನೀರಿಗೆ 0, ಗಾಳಿಗೆ ಮೈನಸ್ 1000. ಕೊಬ್ಬು ನೀರಿಗಿಂತ ಕೆಳಗೆ, ಸುಮಾರು ಮೈನಸ್ 190ರಿಂದ ಮೈನಸ್ 30ರವರೆಗೆ. ಮಾಂಸಖಂಡಕ್ಕೆ ಸಾಮಾನ್ಯವಾಗಿ ಹಿಡಿಯುವ ವ್ಯಾಪ್ತಿ ಮೈನಸ್ 29ರಿಂದ 150. ಅಂದರೆ ಕಣ್ಣಿಗೆ ಬರೀ ಬೂದು ಬಣ್ಣವಾಗಿ ಕಾಣುವುದನ್ನು ಕಂಪ್ಯೂಟರ್ ಸಂಖ್ಯೆ ನೋಡಿ "ಇದು ಕೊಬ್ಬು, ಇದು ಮಾಂಸಖಂಡ" ಎಂದು ಬೇರೆ ಮಾಡಬಲ್ಲದು.

ಇನ್ನು ಸೋವಾಸ್. ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ, ಹೊಟ್ಟೆಯ ಹಿಂಭಾಗದಲ್ಲಿ, ಸೊಂಟದಿಂದ ತೊಡೆಮೂಳೆಯವರೆಗೆ ಇಳಿಯುವ ಜೋಡಿ ಸ್ನಾಯು ಇದು. ಮೆಟ್ಟಿಲು ಹತ್ತಲು ಮಂಡಿ ಮೇಲಕ್ಕೆತ್ತುತ್ತೀರಲ್ಲ, ಆಗ ತೊಡೆಯನ್ನು ಎತ್ತುವುದು ಮುಖ್ಯವಾಗಿ ಇದೇ. ಹೊಟ್ಟೆಯ ಯಾವುದೇ ಸಿಟಿ ಅಥವಾ ಎಂಆರ್‌ಐ ಚಿತ್ರದಲ್ಲಿ ಮೂಳೆಯ ಎಡಬಲಕ್ಕೆ ಎರಡು ದುಂಡನೆಯ ಬೂದು ಉಂಡೆಗಳಾಗಿ ಎದ್ದು ಕಾಣುತ್ತದೆ.

ಅಳೆಯುವ ಕೆಲಸ ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ರೇಡಿಯಾಲಜಿ ಡಾಕ್ಟರ್ ಚಿತ್ರಗಳನ್ನು ಮೇಲಿಂದ ಕೆಳಕ್ಕೆ ಸರಿಸುತ್ತಾ, ಬೆನ್ನುಮೂಳೆಯ ಸೊಂಟದ ಭಾಗದಲ್ಲಿರುವ ಐದು ಮಣಿಗಳಲ್ಲಿ ಮೂರನೆಯದು ಯಾವುದು, ನಾಲ್ಕನೆಯದು ಯಾವುದು ಎಂದು ಎಣಿಸುತ್ತಾರೆ. ಬೇಕಾದ ಮಟ್ಟದ ಒಂದು ಹೋಳಿನಲ್ಲಿ ನಿಲ್ಲುತ್ತಾರೆ. ಮೌಸ್ ಹಿಡಿದು ಒಂದು ಉಂಡೆಯ ಅಂಚಿನ ಗುಂಟ ಗೆರೆ ಎಳೆಯುತ್ತಾರೆ, ಆಮೇಲೆ ಇನ್ನೊಂದರದ್ದು. ಗೆರೆಯ ಒಳಗೆ ಎಷ್ಟು ಚುಕ್ಕಿ ಇದೆಯೋ ಅದನ್ನು ಒಂದು ಚುಕ್ಕಿಯ ಅಳತೆಯಿಂದ ಗುಣಿಸಿದರೆ ವಿಸ್ತೀರ್ಣ ಬರುತ್ತದೆ, ಚದರ ಸೆಂಟಿಮೀಟರ್ ಲೆಕ್ಕದಲ್ಲಿ. ಗೆರೆ ಎಳೆಯುವ ಈ ಕೆಲಸವನ್ನು ತಾನೇ ಮಾಡುವ ಕಂಪ್ಯೂಟರ್ ಪ್ರೋಗ್ರಾಮುಗಳೂ ಬಂದಿವೆ. ಅವು ದೊಡ್ಡವರ ಚಿತ್ರ ನೋಡಿ ಕಲಿತದ್ದಾದರೆ ಮಕ್ಕಳ ಚಿತ್ರದಲ್ಲಿ ಎಡವಬಹುದು. ಎಳೆಯ ಮಗುವಿನ ಮಣಿಗಳು ಚಿಕ್ಕವು, ಅಂಗಾಂಗಗಳ ನಡುವೆ ಗಡಿಯಂತೆ ಕಾಣುವ ಕೊಬ್ಬೂ ಕಡಿಮೆ.

ಒಂದೇ ಹೋಳು ನೋಡಿ ಇಡೀ ಮೈಯ ಲೆಕ್ಕ ಹೇಳಬಹುದೇ? ದೊಡ್ಡವರಲ್ಲಿ ಮೂರನೇ ಮಣಿಯ ಮಟ್ಟದಲ್ಲಿ ಕಾಣುವ ಎಲ್ಲ ಮಾಂಸಖಂಡದ ವಿಸ್ತೀರ್ಣ, ಇಡೀ ದೇಹದ ಮಾಂಸಖಂಡದ ಜೊತೆ ಚೆನ್ನಾಗಿ ತಾಳೆಯಾಗುತ್ತದೆ. ಸೋವಾಸ್ ಅದರಲ್ಲೊಂದು ಸಣ್ಣ ಪಾಲು, ಗುರುತಿಸಲು ಸುಲಭ ಎಂದು ಆರಿಸಿಕೊಂಡದ್ದು. ಆ ಅನುಕೂಲಕ್ಕೆ ಬೆಲೆಯೂ ಇದೆ. ಬೆನ್ನು ಡೊಂಕಾಗಿರುವ, ನಡೆಯಲಾಗದ ಮಗುವಿನಲ್ಲಿ ಎಡಬಲದ ಸೋವಾಸ್ ಒಂದೇ ಸಮ ಇರದೆ ಹೋಗಬಹುದು, ಮೈಯ ಉಳಿದ ಭಾಗದ ಕಥೆಯನ್ನು ಅದು ಸರಿಯಾಗಿ ಹೇಳದೆಯೂ ಇರಬಹುದು.

ಯಾರ ಜೊತೆ ಹೋಲಿಸುವುದು?

ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ಭಾಗ ಇದು. "ಎರಡೂ ಸೇರಿ 8 ಚದರ ಸೆಂಟಿಮೀಟರ್" ಎಂದರೆ ಹೆಚ್ಚೋ ಕಡಿಮೆಯೋ? ಯಾವ ವಯಸ್ಸು, ಹುಡುಗನೋ ಹುಡುಗಿಯೋ ಎಂದು ಗೊತ್ತಿಲ್ಲದೆ ಆ ಸಂಖ್ಯೆಗೆ ಅರ್ಥವೇ ಇಲ್ಲ.

ಝಡ್ ಸ್ಕೋರ್ ಬರುವುದು ಇಲ್ಲೇ. ಒಂದೇ ವಯಸ್ಸಿನ 100 ಆರೋಗ್ಯವಂತ ಹುಡುಗಿಯರನ್ನು ಸೋವಾಸ್ ಗಾತ್ರದ ಪ್ರಕಾರ ಸಾಲಾಗಿ ನಿಲ್ಲಿಸಿ. ನಟ್ಟನಡುವೆ ನಿಂತವಳ ಸ್ಕೋರ್ 0. ನಡುವಿನಿಂದ ಎಷ್ಟು ದೂರ ಎನ್ನುವುದೇ ಝಡ್ ಸ್ಕೋರ್. ಮೈನಸ್ 1 ಎಂದರೆ ಚಿಕ್ಕವರ ತುದಿಯಿಂದ ಸುಮಾರು 16ನೆಯವಳು. ಮೈನಸ್ 2 ಎಂದರೆ ತುದಿಯಿಂದ ಎರಡನೆಯವಳೋ ಮೂರನೆಯವಳೋ. ಅದು ಕಾಯಿಲೆಯ ಹೆಸರಲ್ಲ, ಸಾಲಿನಲ್ಲಿ ನಿಂತ ಜಾಗ. ಆರೋಗ್ಯವಂತರ ಸಾಲಿನಲ್ಲೂ ಯಾರಾದರೂ ಕೊನೆಯಲ್ಲಿ ನಿಲ್ಲಲೇಬೇಕಲ್ವಾ?

ಆದರೆ ಆ 100 ಆರೋಗ್ಯವಂತ ಮಕ್ಕಳ ಸಿಟಿ ಸ್ಕ್ಯಾನ್ ಎಲ್ಲಿಂದ ತರುವುದು? ಚೆನ್ನಾಗಿರುವ ಮಗುವಿಗೆ ಅಳತೆಗೋಸ್ಕರ ಯಾರೂ ಸಿಟಿ ಮಾಡುವುದಿಲ್ಲ, ಮಾಡಲೂಬಾರದು. ಇದಕ್ಕೊಂದು ದಾರಿ ಸಿಕ್ಕಿತು. ಅಪಘಾತವಾಗಿ, ಒಳಗೆ ಪೆಟ್ಟಾಗಿದೆಯೇ ಎಂದು ತುರ್ತಾಗಿ ಸ್ಕ್ಯಾನ್ ಮಾಡಿಸಿಕೊಂಡ ಮಕ್ಕಳ ಹಳೆಯ ಚಿತ್ರಗಳು ಆಸ್ಪತ್ರೆಗಳಲ್ಲಿ ಇರುತ್ತವೆ. ಹಿಂದಿನ ದಿನದವರೆಗೂ ಆಡಿಕೊಂಡಿದ್ದ ಮಕ್ಕಳು ಅವರು. ಕೆನಡಾದ ಟೊರಾಂಟೊದ ಸಂಶೋಧಕರು 1ರಿಂದ 16 ವರ್ಷದ ಇಂಥ ಮಕ್ಕಳ ಸ್ಕ್ಯಾನ್ ಅಳೆದು, ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ ಬೆಳವಣಿಗೆಯ ಗೆರೆಗಳನ್ನು ಹಾಕಿಕೊಟ್ಟರು.

ಆ ಗೆರೆಗಳು ಒಂದು ಊರಿನ ಮಕ್ಕಳದ್ದು ಎಂಬುದನ್ನು ಮರೆಯುವಂತಿಲ್ಲ. ಮೈಕಟ್ಟು ಬೇರೆ ಇರುವ ಕಡೆ ಅದೇ ಗೆರೆ ಹಿಡಿದರೆ ಸರಿಯಾಗಿರುವ ಮಗುವೂ ಕೆಳಗೆ ಕಾಣಬಹುದು. ಇನ್ನೊಂದು ಸೂಕ್ಷ್ಮವೂ ಇದೆ. ಸೋವಾಸ್ ಕೆಳಗೆ ಇಳಿದಂತೆ ದಪ್ಪವಾಗುತ್ತದೆ. ಒಮ್ಮೆ ಮೂರನೇ ಮಣಿಯ ಹತ್ತಿರ, ಮುಂದಿನ ಸಲ ನಾಲ್ಕು ಮತ್ತು ಐದರ ನಡುವೆ ಅಳೆದರೆ ಸುಮ್ನೆ ಬೆಳೆದಂತೆ ಕಾಣುತ್ತದೆ. ಹಾಗೆಯೇ ದೀರ್ಘ ಕಾಯಿಲೆಯಿಂದ ವಯಸ್ಸಿಗಿಂತ ಗಿಡ್ಡಗಿರುವ ಮಗುವನ್ನು ವಯಸ್ಸಿನ ಗೆರೆಗೆ ಹೋಲಿಸಿದರೆ ಮಾಂಸಖಂಡ ಕಡಿಮೆ ಎಂದೇ ಬರುತ್ತದೆ. ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರ ಬದಲಾಗಬಹುದು.

ಹಾಗಾದರೆ ಇದಕ್ಕೆಂದೇ ಸಿಟಿ ಮಾಡಿಸಬೇಕೇ?

ಬೇಡ. ಗಾಳಿ, ಮಣ್ಣು, ಆಕಾಶದಿಂದ ನಮ್ಮೆಲ್ಲರ ಮೈಗೆ ತಾನಾಗಿ ತಾಗುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣವನ್ನು ಅಳೆಯುವ ಮಾನ). ಹೊಟ್ಟೆಯ ಒಂದು ಸಿಟಿ ಸ್ಕ್ಯಾನ್‌ನಲ್ಲೇ ಕೆಲವು ಮಿಲಿಸೀವರ್ಟ್ ತಾಗಬಹುದು. ಮಕ್ಕಳ ಜೀವಕೋಶಗಳು ಬೇಗ ಬೇಗ ಒಡೆದು ಬೆಳೆಯುತ್ತಿರುತ್ತವೆ, ಮುಂದೆ ಬದುಕುವ ವರ್ಷಗಳೂ ಜಾಸ್ತಿ. ಹಾಗಾಗಿ ಅವರಿಗೆ ವಿಕಿರಣದ ಅಪಾಯ ದೊಡ್ಡವರಿಗಿಂತ ಹೆಚ್ಚು. ಕಾಯಿಲೆ ಪತ್ತೆಗೆ ಸಿಟಿ ಬೇಕೇ ಬೇಕಾದಾಗ ಅದರಿಂದಾಗುವ ಲಾಭ ದೊಡ್ಡದು, ಹೆದರಿ ಬಿಡಬಾರದು. ಮಾಂಸಖಂಡ ಅಳೆಯಲಿಕ್ಕೆ ಮಾತ್ರ ಅಂದರೆ ಆ ಲೆಕ್ಕ ಕೂಡಿಬರುವುದಿಲ್ಲ.

ಸೋವಾಸ್ ಅಳತೆ ಬಹುತೇಕ ಬೇರೆ ಕಾರಣಕ್ಕೆ ಆಗಲೇ ತೆಗೆದ ಚಿತ್ರದಿಂದ ಬರುವುದು ಅದಕ್ಕೇ. ನಮ್ಮ ಹುಡುಗಿಯ ರಿಪೋರ್ಟಿನಲ್ಲೂ ಹಾಗೆಯೇ. ಲಿವರ್ ನೋಡಲು ತೆಗೆದ ಚಿತ್ರದಲ್ಲಿ ಸೋವಾಸ್ ಹೇಗೂ ಇತ್ತು.

ತೊಡೆಯ ಮೇಲೆ ಒಂದು ಪ್ರೋಬ್

ಮತ್ತೆ ಮತ್ತೆ ಅಳೆಯಬೇಕಾದಾಗ ಕೈಗೆ ಸಿಗುವುದು ಅಲ್ಟ್ರಾಸೌಂಡ್. ಇದರಲ್ಲಿ ವಿಕಿರಣ ಇಲ್ಲ. ಯಂತ್ರವನ್ನೇ ಮಗುವಿನ ಹಾಸಿಗೆಯ ಹತ್ತಿರ ತರಬಹುದು, ಮಗು ಅಮ್ಮನ ಮಡಿಲಲ್ಲಿ ಕೂತಿರುವಾಗಲೂ ನೋಡಬಹುದು.

ಸಾಮಾನ್ಯವಾಗಿ ನೋಡುವುದು ತೊಡೆಯ ಮುಂಭಾಗ. ಸೊಂಟದ ಮೂಳೆಯ ತುದಿಯಿಂದ ಮಂಡಿಚಿಪ್ಪಿನವರೆಗೆ ಟೇಪು ಹಿಡಿದು ಒಂದು ಜಾಗ ಗುರುತು ಮಾಡುತ್ತಾರೆ, ಪೆನ್ನಿನಿಂದ ಚುಕ್ಕೆ ಇಡುತ್ತಾರೆ. ಧಾರಾಳವಾಗಿ ಜೆಲ್ ಹಚ್ಚಿ ಪ್ರೋಬ್, ಅಂದರೆ ಯಂತ್ರದ ಕೈಯಲ್ಲಿ ಹಿಡಿಯುವ ಭಾಗ, ಇಡುತ್ತಾರೆ. ಪರದೆಯ ಮೇಲೆ ಮೇಲಿಂದ ಕೆಳಕ್ಕೆ ಚರ್ಮ, ಕೊಬ್ಬಿನ ಪದರ, ಕಪ್ಪಗಿನ ಮಾಂಸಖಂಡ, ಎಲ್ಲಕ್ಕಿಂತ ಕೆಳಗೆ ಬೆಳ್ಳಗೆ ಹೊಳೆಯುವ ತೊಡೆಮೂಳೆಯ ಗೆರೆ ಕಾಣುತ್ತವೆ. ಮಾಂಸಖಂಡದ ಮೇಲಂಚಿಂದ ಕೆಳಂಚಿಗೆ ಎಷ್ಟು ಮಿಲಿಮೀಟರ್ ಎಂದು ಅಳೆಯುತ್ತಾರೆ.

ಇದರಲ್ಲಿ ಕೈಯ ಹದವೇ ಎಲ್ಲ. ಮಗುವಿನ ತೊಡೆ ಮೆತ್ತಗಿರುತ್ತದೆ, ಪ್ರೋಬ್ ಒಂಚೂರು ಒತ್ತಿದರೂ ಮಾಂಸಖಂಡ ಚಪ್ಪಟೆಯಾಗಿ ಮಿಲಿಮೀಟರುಗಳೇ ಕಡಿಮೆ ತೋರಿಸುತ್ತದೆ. ಮಗು ಕಾಲು ಬಿಗಿಹಿಡಿದರೆ ದಪ್ಪ ತೋರಿಸುತ್ತದೆ. ಅದಕ್ಕೇ ಜೆಲ್ ದಪ್ಪಗೆ ಹಚ್ಚುವುದು, ಪ್ರೋಬ್ ಚರ್ಮಕ್ಕೆ ತಾಗಿಯೂ ತಾಗದಂತೆ ತೇಲಲಿ ಎಂದು. ಒಂದಕ್ಕಿಂತ ಹೆಚ್ಚು ಸಲ ಅಳೆದು ಸರಾಸರಿ ತೆಗೆಯುವುದೂ ಇದಕ್ಕೇ. ಐಸಿಯುನಲ್ಲಿ ಮಲಗಿರುವ ಮಕ್ಕಳ ತೊಡೆಯ ಮಾಂಸಖಂಡ ಮೊದಲ ವಾರದಲ್ಲೇ ತೆಳ್ಳಗಾಗಬಹುದು ಎಂದು ಗೊತ್ತಾದದ್ದು ಇಂಥ ಅಳತೆಗಳಿಂದಲೇ.

ದಪ್ಪದ ಜೊತೆಗೆ ಬಣ್ಣವೂ ಮಾತಾಡುತ್ತದೆ. ಆರೋಗ್ಯವಾದ ಮಾಂಸಖಂಡ ಕಪ್ಪಗಿರುತ್ತದೆ. ಕೊಬ್ಬು ಮತ್ತು ನಾರು ಒಳಗೆ ಸೇರಿದಂತೆಲ್ಲ ಬೆಳ್ಳಗಾಗುತ್ತದೆ. ಕೊನೆಗೆ ಅದರ ಬಿಳಿಯಲ್ಲಿ ಮೂಳೆಯ ಗೆರೆಯೇ ಮಾಯವಾಗುತ್ತದೆ. ಇದನ್ನು ನಾಲ್ಕು ಹಂತಗಳಾಗಿ ವಿಂಗಡಿಸುವ ಹೆಕ್‌ಮ್ಯಾಟ್ ಅಳತೆ 1982ರಿಂದ ಬಳಕೆಯಲ್ಲಿದೆ. ಅದು ಹುಟ್ಟಿದ್ದೇ ಮಕ್ಕಳ ಸ್ನಾಯು ಕಾಯಿಲೆಗಳನ್ನು ಗುರುತಿಸುವ ಕೆಲಸದಲ್ಲಿ.

ದಪ್ಪ ಮೀನಖಂಡ, ಸೋತ ಕಾಲು

ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಕಾಯಿಲೆ ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ. ಇದರಲ್ಲಿ ಹುಡುಗನ ಮೀನಖಂಡ ಗಟ್ಟಿಮುಟ್ಟಾಗಿ, ದಪ್ಪಗೆ ಕಾಣುತ್ತದೆ. ಆದರೆ ಅವನು ಓಡಲಾರ, ನೆಲದಿಂದ ಏಳಬೇಕಾದರೆ ತನ್ನ ತೊಡೆಯ ಮೇಲೇ ಕೈಯೂರಿ ಏಳುತ್ತಾನೆ. ಸವೆದ ಮಾಂಸಖಂಡದ ಜಾಗಕ್ಕೆ ಕೊಬ್ಬು ಮತ್ತು ನಾರು ಬಂದು ಕೂತಿರುತ್ತದೆ. ಇಲ್ಲಿ ಗಾತ್ರ ಅಳೆದರೆ ಸಾಲದು, ಒಳಗೆ ಏನಿದೆ ಎಂದು ನೋಡಬೇಕು.

ಎಂಆರ್‌ಐ ನೆರವಾಗುವುದು ಇಂಥಲ್ಲಿ. ಅದರಲ್ಲೂ ಎಕ್ಸ್‌ರೇ ಇಲ್ಲ, ಅಯಸ್ಕಾಂತ ಮತ್ತು ರೇಡಿಯೋ ತರಂಗ ಮಾತ್ರ. 1984ರಲ್ಲಿ ಡಿಕ್ಸನ್ ಎಂಬುವರು ತೋರಿಸಿದ ಒಂದು ಉಪಾಯ ಇಲ್ಲಿ ಬಳಕೆಯಾಗುತ್ತದೆ. ನೀರಿನಲ್ಲಿರುವ ಹೈಡ್ರೋಜನ್ನಿಗೂ ಕೊಬ್ಬಿನಲ್ಲಿರುವ ಹೈಡ್ರೋಜನ್ನಿಗೂ ತಿರುಗುವ ವೇಗದಲ್ಲಿ ತೀರಾ ಸಣ್ಣ ವ್ಯತ್ಯಾಸವಿದೆ. ಜೊತೆಗೆ ನಡೆಯುವ ಇಬ್ಬರಲ್ಲಿ ಒಬ್ಬರ ಹೆಜ್ಜೆ ತುಸು ನಿಧಾನ ಎಂದುಕೊಳ್ಳಿ. ಒಮ್ಮೆ ಇಬ್ಬರ ಬಲಗಾಲೂ ಒಟ್ಟಿಗೆ ಬೀಳುತ್ತದೆ. ಸ್ವಲ್ಪ ದೂರ ಹೋದರೆ ಒಬ್ಬರ ಬಲಗಾಲು ಬೀಳುವಾಗ ಇನ್ನೊಬ್ಬರ ಎಡಗಾಲು ಬೀಳುತ್ತದೆ. ಹೆಜ್ಜೆ ಕೂಡಿದಾಗ ಒಂದು ಚಿತ್ರ, ತಪ್ಪಿದಾಗ ಒಂದು ಚಿತ್ರ. ಮೊದಲನೆಯದರಲ್ಲಿ ನೀರು ಮತ್ತು ಕೊಬ್ಬು ಕೂಡಿರುತ್ತವೆ, ಎರಡನೆಯದರಲ್ಲಿ ಒಂದರಿಂದ ಇನ್ನೊಂದು ಕಳೆದಿರುತ್ತದೆ. ಎರಡನ್ನೂ ಇಟ್ಟು ಲೆಕ್ಕ ಹಾಕಿದರೆ ಮಾಂಸಖಂಡದಲ್ಲಿ ಶೇಕಡಾ ಎಷ್ಟು ಕೊಬ್ಬು ಸೇರಿದೆ ಎಂದು ಸಿಗುತ್ತದೆ.

ತೊಂದರೆ ಎಂದರೆ ಹೊತ್ತು. ಸದ್ದು ಮಾಡುವ ಆ ಕೊಳವೆಯೊಳಗೆ ಪುಟ್ಟ ಮಗು ಅಲುಗಾಡದೆ ಮಲಗುವುದು ಕಷ್ಟ. ಕೆಲವರಿಗೆ ನಿದ್ದೆ ಬರಿಸುವ ಔಷಧ ಬೇಕಾಗುತ್ತದೆ, ಅದಕ್ಕೆ ಅದರದ್ದೇ ಎಚ್ಚರಿಕೆಗಳಿವೆ.

ಡೆಕ್ಸಾ ಹೇಳುವುದು, ಹೇಳದಿರುವುದು

ಮೂಳೆಯ ಗಟ್ಟಿತನ ನೋಡುವ ಡೆಕ್ಸಾ ಯಂತ್ರ ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ರೇ ಹಾಯಿಸಿ ಇಡೀ ಮೈಯನ್ನು ಮೂಳೆ, ಕೊಬ್ಬು, 'ಲೀನ್' ಎಂದು ಮೂರು ಪಾಲು ಮಾಡುತ್ತದೆ. ವಿಕಿರಣ ತೀರಾ ಕಡಿಮೆ, ನಮಗೆ ತಾನಾಗಿ ಒಂದೆರಡು ದಿನದಲ್ಲಿ ತಾಗುವಷ್ಟರ ಆಸುಪಾಸು. ಆದರೆ ಲೀನ್ ಎಂದರೆ ಮಾಂಸಖಂಡ ಮಾತ್ರವಲ್ಲ. ಲಿವರ್, ಕಿಡ್ನಿ, ನೀರು ಎಲ್ಲ ಅದರಲ್ಲೇ ಸೇರುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿದ ನಮ್ಮ ಹುಡುಗಿಗೆ ಇದು ಮತ್ತೆ ತೂಕದ ಯಂತ್ರದ ಹಾಗೆಯೇ ಮೋಸ ಮಾಡಬಹುದು. ಊತ ಇಲ್ಲದ ಮಗುವಿನಲ್ಲಿ ಕೈಕಾಲಿನ ಲೀನ್ ಮಾತ್ರ ತೆಗೆದುಕೊಂಡರೆ ಹೆಚ್ಚು ನಂಬಬಹುದು.

ಸಂಖ್ಯೆ ಬಂದ ಮೇಲೆ

ಸಂಖ್ಯೆಯೊಂದನ್ನೇ ಹಿಡಿದು ಯಾರೂ ಚಿಕಿತ್ಸೆ ಶುರು ಮಾಡುವುದಿಲ್ಲ. ಗಾತ್ರ ಬೇರೆ, ಬಲ ಬೇರೆ. ದೊಡ್ಡವರಲ್ಲಿ ಸಾರ್ಕೊಪೇನಿಯಾ ಗುರುತಿಸಲು 2010ರಲ್ಲಿ ಯುರೋಪಿನ ತಜ್ಞರ ಗುಂಪು ಮಾಡಿದ ನಿಯಮಗಳಲ್ಲಿ ಮಾಂಸಖಂಡದ ಗಾತ್ರಕ್ಕೆ ಮೊದಲ ಜಾಗ ಇತ್ತು. ಪರಿಷ್ಕರಿಸಿದಾಗ ಆ ಜಾಗವನ್ನು ಬಲಕ್ಕೆ ಕೊಟ್ಟರು. ಮಕ್ಕಳಲ್ಲೂ ಕೈಹಿಡಿತದ ಬಲ, ಕುರ್ಚಿಯಿಂದ ಏಳುವ ರೀತಿ, ಇಂತಿಷ್ಟು ಹೊತ್ತಿನಲ್ಲಿ ಎಷ್ಟು ದೂರ ನಡೆಯುತ್ತದೆ ಎಂಬುದನ್ನು ಚಿತ್ರದ ಜೊತೆಗಿಟ್ಟು ನೋಡುತ್ತಾರೆ.

ನಮ್ಮ ಹುಡುಗಿಗೂ ಹಾಗೆಯೇ ಆಗುತ್ತದೆ. ಹೊಟ್ಟೆಯ ನೀರಿನ ತೂಕವನ್ನು ಲೆಕ್ಕದಿಂದ ಬಿಟ್ಟು, ತೋಳಿನ ಅಳತೆ ಮತ್ತು ಸೋವಾಸ್ ಸ್ಕೋರ್ ನೋಡಿ ಪೋಷಣೆಯ ತಜ್ಞರು ಕ್ಯಾಲೊರಿ ಮತ್ತು ಪ್ರೋಟೀನ್ ಎಷ್ಟು ಹೆಚ್ಚಿಸಬೇಕು ಎಂದು ತೀರ್ಮಾನಿಸುತ್ತಾರೆ. ಬಾಯಿಂದ ಸಾಲದಿದ್ದರೆ ಟ್ಯೂಬಿನ ಮೂಲಕವೂ ಕೊಡಬೇಕಾಗಬಹುದು. ಫಿಸಿಯೋಥೆರಪಿಯವರು ಆಟದಂಥ ವ್ಯಾಯಾಮ ಹೇಳಿಕೊಡುತ್ತಾರೆ. ಲಿವರ್ ಕಸಿ ಬೇಕಾದರೆ ಅದಕ್ಕೆ ಮುಂಚೆ ಮೈಯಲ್ಲಿ ಬಲ ತುಂಬಿಸುವ ಪ್ರಯತ್ನ ಇದು.

ಆರು ವಾರ ಬಿಟ್ಟು ಬಂದಾಗ ಮತ್ತೆ ಸಿಟಿ ಇಲ್ಲ. ಹಿಂದಿನ ಸಲದಂತೆಯೇ ಟೇಪು ಹಿಡಿದು ತೊಡೆಯ ಅದೇ ಜಾಗಕ್ಕೆ ಪೆನ್ನಿನ ಚುಕ್ಕೆ ಇಟ್ಟು, ಜೆಲ್ ಹಚ್ಚಿ, ಸಾಧ್ಯವಾದರೆ ಹಿಂದೆ ನೋಡಿದವರೇ ಪ್ರೋಬ್ ಹಿಡಿಯುತ್ತಾರೆ. ಆಮೇಲೆ ಅವಳನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ, ಈ ಸಲ ಕಂಬಿ ಹಿಡಿಯುತ್ತಾಳೋ ಇಲ್ಲವೋ ನೋಡುತ್ತಾರೆ.